ಕೇಪ್‌ಟೌನ್ ಮುಟ್ಟುವ ತನಕ ರೊಟ್ಟಿ ಉಳಿಯುತ್ತಾ? ಧ್ರುವಕ್ಕೆ ಹೋಗುವ, ಬರುವ ದಾರಿಯ ಊಟ-ತಿಂಡಿ

ಮಲಪ್ರಭಾ_ಹುಡುಗ:
ಎಲ್ಲರಿಗೂ ನಮಸ್ಕಾರ. ಇಲ್ಲಿ ಇಷ್ಟು ದಿನ ಬರೀ ಓದುತ್ತಿದ್ದೆ, ಬರೆಯುವುದು ಇದೇ ಮೊದಲು.

ನಾನು ಡೀಸೆಲ್ ಜನರೇಟರ್ ಮೆಕ್ಯಾನಿಕ್. ಊರು ಸವದತ್ತಿ ಕಡೆ. ಈ ಸಲ ಅಂಟಾರ್ಕ್ಟಿಕಾದಲ್ಲಿರುವ ಭಾರತದ ಮೈತ್ರಿ ಸ್ಟೇಷನ್ನಿಗೆ, ಚಳಿಗಾಲದ ತಂಡಕ್ಕೆ ಆಯ್ಕೆ ಆಗಿದ್ದೇನೆ. ಮೆಡಿಕಲ್ ಮುಗಿಯಿತು, ಔಲಿಯ ಹಿಮದ ತರಬೇತಿಯೂ ಮುಗಿಯಿತು. ನವೆಂಬರ್‌ನಲ್ಲಿ ಗೋವಾದಿಂದ ಹೊರಡಬೇಕು. ಕೇಪ್‌ಟೌನ್ ತನಕ ಮಾಮೂಲಿ ವಿಮಾನ, ಅಲ್ಲಿಂದ ಮುಂದೆ ಇಲ್ಯೂಷಿನ್-76 ಸರಕು ವಿಮಾನ. ವಾಪಸ್ ಬರುವುದು ಹತ್ತಿರ ಹತ್ತಿರ ಹದಿನಾಲ್ಕು ತಿಂಗಳಾದ ಮೇಲೆ.

ಅಲ್ಲಿನ ಊಟದ ಚಿಂತೆ ನನಗಿಲ್ಲ. ಅಡುಗೆಯವರಿದ್ದಾರೆ, ಅಕ್ಕಿ ಬೇಳೆ ಇದೆ. ನನ್ನ ಪ್ರಶ್ನೆ ದಾರಿಯದ್ದು. ಹೋಗುವಾಗ ಏನು ತಿನ್ನಬೇಕು, ಏನು ಕಟ್ಟಿಕೊಳ್ಳಬೇಕು? ಬರುವಾಗ ಮೊದಲು ಏನು ತಿನ್ನುವುದು ಚೆಂದ? ಅವ್ವ ನೂರು ಕಡಕ್ ರೊಟ್ಟಿ ಬಡಿಯುತ್ತೇನೆ ಎಂದು ಕೂತಿದ್ದಾಳೆ. ಬೇಡ ಅಂದರೆ ಅಳುತ್ತಾಳೆ, ಹೂಂ ಅಂದರೆ ಲಗೇಜ್ ತೂಕ ಮೀರುತ್ತದೆ.

ಎರಡು_ಚಳಿಗಾಲ:
ತಮ್ಮಾ, ಖುಷಿಯಾಯಿತು. ನಾನು ಮೈತ್ರಿಯಲ್ಲಿ ಎರಡು ಚಳಿಗಾಲ ಕಳೆದವನು. ಒಂದು ಸಲ ಹಡಗಿನಲ್ಲಿ ಹೋದೆ, ಇನ್ನೊಂದು ಸಲ ವಿಮಾನದಲ್ಲಿ.

ಹೋಗುವಾಗ ಹಸಿಯದ್ದನ್ನು ತಿನ್ನು, ಒಣಗಿದ್ದನ್ನು ಕಟ್ಟಿಕೋ. ಎಲ್ಲರೂ ಉಲ್ಟಾ ಮಾಡುತ್ತಾರೆ. ಕೇಪ್‌ಟೌನ್‌ನಲ್ಲಿ ಇಳಿದ ಕೂಡಲೇ ಬರ್ಗರ್, ಫ್ರೈಡ್ ಚಿಕನ್ ಹುಡುಕಿಕೊಂಡು ಓಡುತ್ತಾರೆ. ಕೋಳಿ, ಮೈದಾ ಸ್ಟೇಷನ್ನಿನಲ್ಲೂ ಸಿಗುತ್ತದೆ. ಸಿಗದೇ ಇರುವುದು ಸೌತೆಕಾಯಿ, ಕೊತ್ತಂಬರಿ, ಪೇರಲೆ, ಎಳೇ ಮೂಲಂಗಿ. ಬೇಸಿಗೆಯ ಕೊನೆಯ ವಿಮಾನ ಹೋಯಿತು ಅಂದರೆ ಹಸಿರಿನ ಕತೆ ಮುಗಿಯಿತು. ಈರುಳ್ಳಿ, ಆಲೂಗಡ್ಡೆ ಸ್ವಲ್ಪ ದಿನ ಎಳೆಯುತ್ತವೆ. ಆದರೆ ಆಲೂಗಡ್ಡೆಯನ್ನು ನಾಲ್ಕು ಡಿಗ್ರಿಗಿಂತ ತಣ್ಣಗೆ ಇಟ್ಟರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಪಲ್ಯ ಮಾಡಿದರೆ ಗೆಣಸು ತಿಂದ ಹಾಗೆ.

ಕೇಪ್‌ಟೌನ್‌ನಲ್ಲಿ ಎರಡು ದಿನ ಸಿಕ್ಕರೆ ಬೋ-ಕಾಪ್ ಕಡೆ ನಡೆದು ಹೋಗು. ಬಣ್ಣ ಬಣ್ಣದ ಮನೆಗಳ ಏರು ಬೀದಿ. 17ನೇ ಶತಮಾನದಿಂದ ಡಚ್ಚರು ಇಂಡೋನೇಷ್ಯಾ, ಭಾರತ, ಶ್ರೀಲಂಕಾ ಕಡೆಯಿಂದ ಗುಲಾಮರಾಗಿ ಹಿಡಿದು ತಂದವರ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಅಡುಗೆ ಅಲ್ಲಿದೆ. ಅವರ 'ಡಾಲ್ಚಿ' ಅಂದರೆ ಬೇರೇನಲ್ಲ, ಕಡಲೆಹಿಟ್ಟು, ಈರುಳ್ಳಿ, ಪಾಲಕ್ ಹಾಕಿ ಕರಿದ ನಮ್ಮ ಪಕೋಡ. ಹೆಸರಲ್ಲೇ 'ದಾಲ್' ಕೂತಿದೆ. ಸಮೋಸಾ ಇದೆ, ರೊಟ್ಟಿಯೊಳಗೆ ಸಾರು ಸುತ್ತಿಕೊಡುವ ಸಾಲೋಮಿ ಇದೆ. ಭಾನುವಾರವಾದರೆ ಕೂಸಿಸ್ಟರ್ ಬಿಡಬೇಡ. ಸೋಂಪು, ದಾಲ್ಚಿನ್ನಿ ಹಾಕಿದ ಹಿಟ್ಟನ್ನು ಕರಿದು, ಪಾಕದಲ್ಲಿ ಅದ್ದಿ, ಒಣಕೊಬ್ಬರಿಯಲ್ಲಿ ಹೊರಳಿಸಿರುತ್ತಾರೆ. ಮನೆಗಳಲ್ಲಿ ಭಾನುವಾರ ಬೆಳಿಗ್ಗೆಯ ತಿಂಡಿ ಅದು. ನನಗೆ ಮೊದಲ ತುತ್ತಿಗೇ ಮದುವೆ ಮನೆ ನೆನಪಾಯಿತು. ವೇಲ್ ಸ್ಟ್ರೀಟ್‌ನಲ್ಲಿ ಅಟ್ಲಾಸ್ ಅಂತ ಹಳೇ ಮಸಾಲೆ ಅಂಗಡಿ ಇದೆ. ಒಳಗೆ ಕಾಲಿಟ್ಟರೆ ನಮ್ಮ ಕಿರಾಣಿ ಅಂಗಡಿಯ ವಾಸನೆ. ಕೊಳ್ಳದಿದ್ದರೂ ಸುಮ್ನೆ ಒಂದು ಸುತ್ತು ಹಾಕಿ ಬಾ.

ಟೀ ಚಟ ಇದ್ದರೆ ರೂಯ್‌ಬೋಸ್ ಕುಡಿದು ನೋಡು. ಆ ಗಿಡ ಅಲ್ಲಿನ ಬೆಟ್ಟಸಾಲಿನ ಸುತ್ತಮುತ್ತಲೇ ಬೆಳೆಯುವುದು. ಕೆಂಪಗಿರುತ್ತದೆ, ಕೆಫೀನ್ ಇಲ್ಲ. ವಿಮಾನದ ಹಿಂದಿನ ರಾತ್ರಿ ನಿದ್ದೆ ಕೆಡಿಸುವುದಿಲ್ಲ.

ನೂರು ರೊಟ್ಟಿ ಜಾಸ್ತಿ ಆಯ್ತು. ಮೂವತ್ತು ಸಾಕು.

ಅಪ್ಪೆಮಿಡಿ_ಸಿರ್ಸಿ:
ಅಣ್ಣಾ, ಮೂವತ್ತು ಅಂತ ನೀವು ಹೇಗೆ ಹೇಳಿದಿರಿ? ತಾಯಿ ಮಾಡಿಕೊಟ್ಟಿದ್ದನ್ನು ತಂಡದವರೆಲ್ಲ ಕಿತ್ತು ತಿನ್ನುತ್ತಾರೆ. ನಮ್ಮ ಮನೆಯವರು ಅಂಟಾರ್ಕ್ಟಿಕಾದ ನಮ್ಮ ಇನ್ನೊಂದು ಸ್ಟೇಷನ್ ಭಾರತಿಗೆ ಹೋಗಿದ್ದರು. ಒಂದು ಕಿಲೋ ಮಿಡಿ ಉಪ್ಪಿನಕಾಯಿ ಕಳಿಸಿದ್ದೆ. ಕೇಪ್‌ಟೌನ್ ಹೋಟೆಲಿನಲ್ಲೇ ಅರ್ಧ ಖಾಲಿ ಮಾಡಿಕೊಂಡರು ಪುಣ್ಯಾತ್ಮರು.

ಪ್ಯಾಕ್ ಮಾಡಿದವಳಾಗಿ ನಾಲ್ಕು ಮಾತು. ಉಪ್ಪಿನಕಾಯಿ ಗಾಜಿನ ಬಾಟಲಿಯಲ್ಲಿ ಬೇಡ, ಎಣ್ಣೆ ಸೋರಿ ಸ್ವೆಟರ್ ಎಲ್ಲ ಹಾಳು. ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಅದರ ಮೇಲೆ ಎರಡು ಕವರ್, ಚೆಕ್-ಇನ್ ಬ್ಯಾಗಿನ ನಡುವೆ. ಚಟ್ನಿಪುಡಿ, ಮೆಂತ್ಯದ ಹಿಟ್ಟು, ಪುಳಿಯೋಗರೆ ಪುಡಿ ಎಲ್ಲ ಸಣ್ಣ ಸಣ್ಣ ಪೊಟ್ಟಣ ಮಾಡಿ. ಒಂದೇ ದೊಡ್ಡ ಪೊಟ್ಟಣ ಒಡೆದರೆ ಅವತ್ತೇ ಹಂಚಿ ಹೋಗುತ್ತದೆ. ಅಂಟಿನುಂಡೆ ಕಳಿಸಿ, ಕೊಬ್ಬರಿ ಮಿಠಾಯಿ ಬೇಡ, ಬೇಗ ಮುಗ್ಗಲು ವಾಸನೆ ಬರುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಅಗಲ ಬಾಯಿಯ ಡಬ್ಬಿಯಲ್ಲಿ ಹಾಕಿದರೆ ಚಮಚದಲ್ಲಿ ಕೆರೆದುಕೊಳ್ಳಬಹುದು.

ಮತ್ತೆ ಒಂದು ಮುಷ್ಟಿ ಮೆಂತ್ಯಕಾಳು ಜೇಬಿನಲ್ಲಿ ಇಟ್ಟುಕೊಳ್ಳಿ. ಅಲ್ಲಿ ಒಂದು ಡಬ್ಬಿಗೆ ಮಣ್ಣು ಹಾಕಿ ಬಿತ್ತಿದರೆ ಸೊಪ್ಪು ಬರುತ್ತದೆ, ಅಲ್ವಾ?

ಉತ್ತರದಿಕ್ಕು:
ಅಕ್ಕಾ, ಉಳಿದಿದ್ದೆಲ್ಲ ಸರಿ, ಕೊನೆಯದು ಮಾತ್ರ ಬೇಡ. ದಯವಿಟ್ಟು ಯಾರೂ ಮಾಡಬೇಡಿ.

ಅಂಟಾರ್ಕ್ಟಿಕಾದ ಪರಿಸರ ಕಾಪಾಡಲು ದೇಶಗಳು ಮಾಡಿಕೊಂಡ 1991ರ ಮ್ಯಾಡ್ರಿಡ್ ಒಪ್ಪಂದದ ಪ್ರಕಾರ ಅಂಟಾರ್ಕ್ಟಿಕಾದ್ದಲ್ಲದ ಗಿಡ, ಪ್ರಾಣಿ ಯಾವುದನ್ನೂ ಪರವಾನಗಿ ಇಲ್ಲದೆ ಒಯ್ಯುವಂತಿಲ್ಲ. ಹೊರಗಿನ ಮಣ್ಣಂತೂ ಬೇಡವೇ ಬೇಡ. ನಮ್ಮಲ್ಲೂ 2022ರಲ್ಲಿ ಇಂಡಿಯನ್ ಅಂಟಾರ್ಕ್ಟಿಕ್ ಕಾಯ್ದೆ ಬಂದಿದೆ. ಅಡುಗೆಗೆಂದು ಒಯ್ಯುವ ಆಹಾರಕ್ಕೆ ವಿನಾಯಿತಿ ಇದೆ, ಆದರೆ ಅದು ಜೋಪಾನವಾಗಿ ಒಳಗೇ ಇರಬೇಕು. ಜೇಬಿನಲ್ಲಿ ಕಾಳು ಇಟ್ಟುಕೊಂಡು ಹೋಗುವುದು ಅದರಲ್ಲಿ ಬರಲ್ಲ.

2007–08ರ ಬೇಸಿಗೆಯಲ್ಲಿ ಅಲ್ಲಿಗೆ ಹೋಗುವವರ ಬಟ್ಟೆ, ಬ್ಯಾಗು, ಬೂಟುಗಳನ್ನು ವ್ಯಾಕ್ಯೂಮ್ ಹಾಕಿ ಪರೀಕ್ಷಿಸಿದ್ದರು. ಬೀಜ ಹೊತ್ತವರ ಬಳಿ ಸರಾಸರಿ 9.5 ಬೀಜ ಸಿಕ್ಕಿದವು. ಪ್ರವಾಸಿಗರಿಗಿಂತ ವಿಜ್ಞಾನಿಗಳೇ ಜಾಸ್ತಿ ಹೊತ್ತಿದ್ದರಂತೆ. ನಮ್ಮ ವಿಜ್ಞಾನಿ ಜಾತಿಯ ಮರ್ಯಾದೆ ಹೋಯಿತು. ಹೊರಡುವ ಮುಂಚೆ ಜಾಕೆಟ್ಟಿನ ಜೇಬು ಒಳಗಿನಿಂದ ಹೊರಗೆ ತಿರುಗಿಸಿ ಕೊಡವಿ. ವೆಲ್ಕ್ರೋ ಪಟ್ಟಿ ಹಲ್ಲುಜ್ಜುವ ಬ್ರಶ್‌ನಲ್ಲಿ ಉಜ್ಜಿ. ಚುರುಮುರಿ ತಿಂದ ಜೇಬಿನಲ್ಲಿ ಸಾಸಿವೆ ಇಲ್ಲದಿದ್ದರೆ ಕೇಳಿ.

ಅಪ್ಪೆಮಿಡಿ_ಸಿರ್ಸಿ:
ಗೊತ್ತಿರಲಿಲ್ಲ ತಂಗಿ. ಮೆಂತ್ಯ ಕ್ಯಾನ್ಸಲ್.

ಗುಳಿಗೆ_ಡಾಕ್ಟರ್:
ಒಂದು ಯಾತ್ರೆಗೆ ವೈದ್ಯನಾಗಿ ಹೋಗಿದ್ದೆ, ಪೂರ್ತಿ ಹಡಗಿನಲ್ಲಿ. ತಿನ್ನುವ ವಿಷಯದಲ್ಲಿ ವೈದ್ಯರ ಮಾತು ಯಾರಿಗೂ ರುಚಿಸಲ್ಲ, ಆದರೂ ಬರೆಯುತ್ತೇನೆ.

ವಿಮಾನದಲ್ಲಿ ಊಟ ಸಪ್ಪೆ ಅನ್ನಿಸುವುದಕ್ಕೆ ಅಡುಗೆಯವರನ್ನು ಬೈಯಬೇಡಿ. ಗಾಳಿ ಒಣಗಿರುತ್ತದೆ, ಮೂಗು ಒಣಗುತ್ತದೆ, ವಾಸನೆ ಗೊತ್ತಾಗದಿದ್ದರೆ ರುಚಿಯೂ ಗೊತ್ತಾಗಲ್ಲ. ಜೋರು ಸದ್ದಿಗೆ ನಾಲಿಗೆಗೆ ಸಿಹಿ ಕಡಿಮೆ ಅನ್ನಿಸುತ್ತದೆ. ಟೊಮೆಟೊ, ಅಣಬೆಯಂಥ ರುಚಿ ಮಾತ್ರ ಹಾಗೇ ಉಳಿಯುತ್ತದೆ. ಇಲ್ಯೂಷಿನ್ ಒಳಗೆ ಕಿವಿಗೆ ಬೆಣೆ ಹಾಕಿಕೊಂಡು ಕೂರಬೇಕು, ಅಷ್ಟು ಸದ್ದು. ಅಲ್ಲಿ ಕೊಡುವ ಸ್ಯಾಂಡ್‌ವಿಚ್ ಮೇಲೆ ಚಿಟಿಕೆ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು ನೋಡಿ. ಪಕ್ಕದವರೂ ಕೈ ಚಾಚುತ್ತಾರೆ.

ನೀರು ಕುಡಿಯಿರಿ. ಶೌಚಾಲಯದ ಹೆದರಿಕೆಗೆ ಎಲ್ಲರೂ ಬಾಯಿ ಕಟ್ಟಿಕೊಂಡು ಕೂರುತ್ತಾರೆ, ಇಳಿದ ಮೇಲೆ ತಲೆನೋವು ಅಂತ ನಮ್ಮ ಹತ್ತಿರ ಬರುತ್ತಾರೆ. ಅಂಟಾರ್ಕ್ಟಿಕಾ ಅಂದರೆ ಮಂಜಿನ ರಾಶಿ ಹೌದು, ಆದರೆ ಗಾಳಿ ಮರುಭೂಮಿಯದ್ದು.

ಇನ್ನು ಹಡಗು. ಕೇಪ್‌ಟೌನ್ ಬಿಟ್ಟು ದಕ್ಷಿಣಕ್ಕೆ ಇಳಿದರೆ ನಲವತ್ತು ಡಿಗ್ರಿ ಆಚೆ ಸಮುದ್ರ ಸಿಟ್ಟಿಗೇಳುತ್ತದೆ. ಅಡ್ಡ ಹಾಕಲು ನೆಲವೇ ಇಲ್ಲ, ಗಾಳಿ ಭೂಮಿ ಸುತ್ತ ಓಡುತ್ತಲೇ ಇರುತ್ತದೆ. ಆಗ ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸುತ್ತಾರೆ, ತಟ್ಟೆ ಜಾರಬಾರದು ಅಂತ. ಸೂಪನ್ನು ಅರ್ಧ ಬಟ್ಟಲು ಮಾತ್ರ ಹಾಕಿಸಿಕೊಳ್ಳಿ. ತುಂಬ ಜನ ಮಾಡುವ ತಪ್ಪು ಅಂದರೆ ಹೊಟ್ಟೆ ಖಾಲಿ ಬಿಡುವುದು. ಖಾಲಿ ಹೊಟ್ಟೆಗೆ ವಾಂತಿ ಇನ್ನೂ ಜಾಸ್ತಿ. ಒಣ ಬ್ರೆಡ್ಡು, ಬಿಸ್ಕತ್ತು, ಅವಲಕ್ಕಿ ಸ್ವಲ್ಪ ಸ್ವಲ್ಪ ತಿನ್ನುತ್ತಿರಿ. ಒಣಶುಂಠಿ ಚೂರು ಬಾಯಲ್ಲಿರಲಿ. ಮಾತ್ರೆ ಬೇಕಾದರೆ ಅಲೆ ಶುರುವಾಗುವ ಮುಂಚೆಯೇ ತೆಗೆದುಕೊಳ್ಳಿ, ಆಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲಲ್ಲ.

ನಾವು ಹೋದ ಹಡಗಿನ ಸಿಬ್ಬಂದಿ ರಷ್ಯನ್ನರು. ನಮ್ಮ ಅಡುಗೆಯವರು ಬೇರೆ ಇದ್ದರು, ಆದರೂ ನಾನು ದಿನ ಬಿಟ್ಟು ದಿನ ರಷ್ಯನ್ನರ ಮೇಜಿಗೆ ಹೋಗುತ್ತಿದ್ದೆ. ಬೀಟ್‌ರೂಟ್ ಹಾಕಿದ ಬೋರ್ಷ್ ಸೂಪಿಗೆ ಹುಳಿ ಕೆನೆ ಒಂದು ಚಮಚ. ಕಪ್ಪು ಬ್ರೆಡ್ಡು. ಗ್ರೆಚ್ಕಾ ಅಂತ ಒಂದು ಧಾನ್ಯದ ಅನ್ನ ಮಾಡುತ್ತಾರೆ. ಉತ್ತರ ಭಾರತದವರು ಉಪವಾಸಕ್ಕೆ ತಿನ್ನುವ ಕುಟ್ಟು ಇದೆಯಲ್ಲ, ಅದೇ. ನಮ್ಮ ತಂಡದ ದಿಲ್ಲಿ ಹುಡುಗ ಏಕಾದಶಿ ದಿನ ಅದನ್ನು ಕಂಡು ಕುಣಿದಾಡಿಬಿಟ್ಟ.

ಮಲಪ್ರಭಾ_ಹುಡುಗ:
ಡಾಕ್ಟರ್ ಸರ್, ಬರೆದುಕೊಂಡೆ. ಉತ್ತರದಿಕ್ಕು ಮೇಡಂ, ನೀವು ಯಾವ ಕಡೆ? ಹೆಸರು ನೋಡಿದರೆ ಆರ್ಕ್ಟಿಕ್ ಇರಬೇಕು.

ಉತ್ತರದಿಕ್ಕು:
ಹೌದು. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ನ್ಯೂ-ಓಲೆಸುಂಡ್‌ನಲ್ಲಿ ನಮ್ಮ ಹಿಮಾದ್ರಿ ಸ್ಟೇಷನ್ ಇದೆ, 2008ರಿಂದ. 79 ಡಿಗ್ರಿ ಉತ್ತರದ ಹತ್ತಿರ. 2023ರ ಡಿಸೆಂಬರ್‌ನಲ್ಲಿ ಭಾರತದ ಮೊದಲ ಚಳಿಗಾಲದ ಆರ್ಕ್ಟಿಕ್ ತಂಡ ಹೋಯಿತಲ್ಲ, ಅದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ನಾನು ಹೋಗಿದ್ದು ಬೇಸಿಗೆಯಲ್ಲಿ.

ನಿಮ್ಮ ದಾರಿಗೂ ನಮ್ಮ ದಾರಿಗೂ ಅಜಗಜಾಂತರ. ಓಸ್ಲೋದಿಂದ ಲಾಂಗ್‌ಇಯರ್‌ಬೈನ್‌ಗೆ ದೊಡ್ಡ ವಿಮಾನ. ಅಲ್ಲಿಂದ ಹತ್ತಿಪ್ಪತ್ತು ಜನ ಹಿಡಿಯುವ ಡಾರ್ನಿಯರ್, ಅರ್ಧ ಗಂಟೆಯೂ ಇಲ್ಲ. ತೂಕ ಕಟ್ಟುನಿಟ್ಟು. ನನ್ನ ಕೈಚೀಲದಲ್ಲಿ ಒಂದು ಕಿಲೋ ಧಾರವಾಡ ಪೇಡೆ ಇತ್ತು. ಬೇರೆ ದಾರಿ ಕಾಣದೆ ಎರಡು ಪುಸ್ತಕ ತೆಗೆದು ಲಾಂಗ್‌ಇಯರ್‌ಬೈನ್‌ನಲ್ಲೇ ಬಿಟ್ಟೆ.

ಲಾಂಗ್‌ಇಯರ್‌ಬೈನ್ ಮೊದಲು ಗಣಿ ಕೆಲಸದವರ ಊರಾಗಿತ್ತು. ಕಲ್ಲಿದ್ದಲ ಮಸಿ ಒಳಗೆ ಬರಬಾರದು ಅಂತ ಹುಟ್ಟಿದ ಪದ್ಧತಿ ಇವತ್ತಿಗೂ ಇದೆ, ತುಂಬ ಹೋಟೆಲುಗಳಲ್ಲಿ ಬಾಗಿಲಲ್ಲೇ ಬೂಟು ಬಿಚ್ಚಬೇಕು. ಕಾಲುಚೀಲದಲ್ಲಿ ಕೂತು ಕಾಫಿ ಕುಡಿಯುವಾಗ ನೆಂಟರ ಮನೆಗೆ ಬಂದ ಹಾಗಿರುತ್ತದೆ. ಗುಂಡು ಹಾಕುವವರಿಗೊಂದು ಸುದ್ದಿ. ಅಲ್ಲಿನವರಿಗೆ ರೇಷನ್ ಕಾರ್ಡಿನ ಹಾಗೆ ಮದ್ಯದ ಕಾರ್ಡು ಇದೆ. ತಿಂಗಳಿಗೆ 24 ಕ್ಯಾನ್ ಬಿಯರ್, 2 ಬಾಟಲಿ ಹಾರ್ಡ್ ಲಿಕ್ಕರ್. ವೈನಿಗೆ ಮಿತಿ ಇಲ್ಲ. ಗಣಿಯ ಸಾಹೇಬರು ವೈನ್ ಕುಡಿಯುತ್ತಿದ್ದರು, ಅದಕ್ಕೇ ಅಂತ ಊರವರು ನಗುತ್ತಾರೆ.

ನ್ಯೂ-ಓಲೆಸುಂಡ್‌ನಲ್ಲಿ ಊಟ ಎಲ್ಲ ದೇಶದವರಿಗೂ ಒಂದೇ ಮೆಸ್ಸಿನಲ್ಲಿ. ಮೊದಲ ದಿನ ಬೆಳಿಗ್ಗೆ ಕಂದು ಬಣ್ಣದ ಚೀಸ್ ಒಂದು ತುಂಡು ಬ್ರೆಡ್ಡಿನ ಮೇಲೆ ಇಟ್ಟುಕೊಂಡೆ. ಬ್ರೂನೋಸ್ಟ್ ಅನ್ನುತ್ತಾರೆ. ಹಾಲೊಡಕನ್ನು ಕಂದು ಬಣ್ಣ ಬರುವ ತನಕ ಕಾಯಿಸಿ ಇಂಗಿಸಿರುತ್ತಾರೆ. ಬಾಯಿಗೆ ಹಾಕಿದೆ, ಅರೆ! ಧಾರವಾಡ ಪೇಡೆಗೆ ಉಪ್ಪು ಹಾಕಿದ ಹಾಗಿದೆ. ಪೇಡೆ ಡಬ್ಬಿ ತಂದು ಪಕ್ಕದ ನಾರ್ವೆಯವಳಿಗೆ ಕೊಟ್ಟೆ. ಅವಳು ತಿಂದು, 'ನಿಮ್ಮ ಬ್ರೂನೋಸ್ಟ್ ಸಿಹಿ ಜಾಸ್ತಿ' ಅಂದಳು.

ಇನ್ನೊಂದು ಮಜಾ. ಅಲ್ಲಿ ಆಕಾಶದ ರೇಡಿಯೋ ಅಲೆ ಹಿಡಿಯುವ ದೊಡ್ಡ ಆಂಟೆನಾಗಳಿವೆ, ಹಾಗಾಗಿ ಊರಿಗೆ ಊರೇ ವೈಫೈ, ಬ್ಲೂಟೂತ್ ಬಂದ್. ಊಟಕ್ಕೆ ಕೂತವರ ಕೈಯಲ್ಲಿ ಫೋನ್ ಇರಲ್ಲ. ಮಾತಾಡಲೇಬೇಕು. ನಾನಿದ್ದಾಗ ಶನಿವಾರ ರಾತ್ರಿ ಎಲ್ಲರೂ ಒಳ್ಳೇ ಬಟ್ಟೆ ಹಾಕಿಕೊಂಡು ಊಟಕ್ಕೆ ಬರುತ್ತಿದ್ದರು. ಒಂದು ಕಾಟನ್ ಸೀರೆ ಒಯ್ಯಬೇಕಿತ್ತು ಅಂತ ಈಗಲೂ ಹೊಟ್ಟೆ ಉರಿಯುತ್ತದೆ. ಆ ಎರಡು ಪುಸ್ತಕದ ಬದಲು.

ತೊಂಬತ್ತು_ಡಿಗ್ರಿ:
ನನ್ನದು ಮೂರನೇ ದಾರಿ. ಅಮೆರಿಕದವರ ಕಾರ್ಯಕ್ರಮದಲ್ಲಿ ದಕ್ಷಿಣ ಧ್ರುವಕ್ಕೇ ಹೋಗಿದ್ದೆ, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಮೂಲಕ.

ಮೊದಲ ಪಾಠ ಏರ್‌ಪೋರ್ಟಿನಲ್ಲೇ. ನ್ಯೂಜಿಲೆಂಡಿನವರು ತಿನ್ನುವ ವಸ್ತು ಏನಿದ್ದರೂ ಫಾರ್ಮಿನಲ್ಲಿ ಬರೆಯಬೇಕು ಅನ್ನುತ್ತಾರೆ. ಬರೆಯದೆ ಸಿಕ್ಕಿಬಿದ್ದರೆ ಅಲ್ಲೇ 400 ಡಾಲರ್ ದಂಡ. ನನ್ನ ಮುಂದಿದ್ದ ಒಬ್ಬರು ಒಂದು ಸೇಬಿಗೆ ಕಟ್ಟಿದರು. ನಾನು ಹುಣಸೆಹಣ್ಣಿನಿಂದ ಹಿಡಿದು ಹಪ್ಪಳದ ತನಕ ಬರೆದೆ. ಆಫೀಸರಮ್ಮ ಪುಳಿಯೋಗರೆ ಗೊಜ್ಜನ್ನು ಮೂಸಿ ನೋಡಿ, ನಕ್ಕು ಬಿಟ್ಟುಕೊಟ್ಟರು. ಬರೆದರೆ ಏನೂ ಆಗಲ್ಲ.

ಎರಡನೆಯದು 'ಬೂಮರಾಂಗ್'. ಅಂಟಾರ್ಕ್ಟಿಕಾದ ಅಂಚಿನಲ್ಲಿರುವ ಅಮೆರಿಕದವರ ಸ್ಟೇಷನ್ ಮ್ಯಾಕ್‌ಮರ್ಡೋಗೆ ಸಿ-17 ವಿಮಾನದಲ್ಲಿ ಐದು ಗಂಟೆ, ಪ್ರೊಪೆಲರ್ ಹರ್ಕ್ಯುಲಿಸ್‌ನಲ್ಲಿ ಎಂಟು ಗಂಟೆ. ಅರ್ಧ ದಾರಿಯಲ್ಲಿ ಅಲ್ಲಿನ ಹವೆ ಕೆಟ್ಟರೆ ವಿಮಾನ ತಿರುಗಿ ಬಂದಲ್ಲಿಗೇ ಬರುತ್ತದೆ. ಏಳೆಂಟು ಗಂಟೆ ಹಾರಿ ಮತ್ತೆ ಕ್ರೈಸ್ಟ್‌ಚರ್ಚ್! ನಮಗೆ ಎರಡು ಸಲ ಹಾಗಾಯಿತು. ಹತ್ತುವಾಗ ಒಂದು ಕಾಗದದ ಚೀಲದಲ್ಲಿ ಊಟ ಕೊಡುತ್ತಾರೆ. ಹೊಸಬರು ಮೊದಲ ಗಂಟೆಯಲ್ಲೇ ಎಲ್ಲ ತಿಂದು ಕೈ ಒರೆಸಿಕೊಂಡಿದ್ದರು. ಹಳಬರು ಒಂದು ಕುಕೀ ಉಳಿಸಿಕೊಂಡಿದ್ದರು, ವಿಮಾನ ತಿರುಗಿದಾಗ ಸಮಾಧಾನಕ್ಕೆ ತಿನ್ನಲು. ಆ ಪಾಠ ನಾನೂ ಕಲಿತೆ. ಎರಡನೇ ಸಲ ಒಂದು ಕೊಡಬಳೆ ಉಳಿಸಿದ್ದೆ.

ಧ್ರುವದ ಎತ್ತರ 2,835 ಮೀಟರ್. ಚಳಿಗೆ ಗಾಳಿ ಇನ್ನೂ ತೆಳುವಾಗಿ ಮೂರು ಸಾವಿರ ಮೀಟರ್ ದಾಟಿದ ಹಾಗೆ ಅನ್ನಿಸುತ್ತದೆ. ಮೊದಲ ಎರಡು ದಿನ ಹಸಿವೇ ಇಲ್ಲ. ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ, ಬೇಳೆ ಬೇಯಲು ಕುಕ್ಕರ್ ಬೇಕೇ ಬೇಕು. ಕಾಫಿ, ಮದ್ಯ ಎರಡಕ್ಕೂ ಮೊದಲ ದಿನ ಕೈಮುಗಿದು ದೂರ ಇರಿ.

ಬರುವಾಗಿನದ್ದು ಹೇಳುತ್ತೇನೆ. ಕ್ರೈಸ್ಟ್‌ಚರ್ಚ್‌ನಲ್ಲಿ ಬಾಗಿಲು ತೆರೆದ ಕೂಡಲೇ ಒದ್ದೆ ಹುಲ್ಲಿನ ವಾಸನೆ ಬಂತು. ತಿಂಗಳುಗಟ್ಟಲೆ ಮಣ್ಣಿನ ವಾಸನೆ ಇಲ್ಲದೆ ಇದ್ದವರಿಗೆ ಅದು ಊಟದ ಹಾಗೇ. ಹೋಟೆಲಿಗೆ ಹೋಗದೆ ಸೀದಾ ಬೊಟಾನಿಕಲ್ ಗಾರ್ಡನ್‌ಗೆ ಹೋಗಿ, ಒಂದು ಚೀಲ ಪ್ಲಮ್ ಹಣ್ಣು ಇಟ್ಟುಕೊಂಡು ಮರದ ಕೆಳಗೆ ಕೂತೆ.

ಸುಮ್ನೆ_ಓದೋನು:
ನಾನು ಬೆಂಗಳೂರು ಬಿಟ್ಟು ದೂರ ಹೋದವನಲ್ಲ. ಆದರೂ ಒಂದು ಪ್ರಶ್ನೆ. ಅಲ್ಲಿ ಮಂಜಿನಲ್ಲಿ ನೂರು ವರ್ಷದ ವಿಸ್ಕಿ ಸಿಕ್ಕಿತು ಅಂತಾರಲ್ಲ, ನಿಜವಾ? ಅದನ್ನು ಯಾರಾದರೂ ಕುಡಿದರಾ?

ತೊಂಬತ್ತು_ಡಿಗ್ರಿ:
ನಿಜ. ಅಂಟಾರ್ಕ್ಟಿಕಾ ಅನ್ವೇಷಕ ಶ್ಯಾಕಲ್ಟನ್ 1907–09ರ ಯಾತ್ರೆಯಲ್ಲಿ ಅಲ್ಲಿನ ಕೇಪ್ ರಾಯ್ಡ್ಸ್‌ನ ಗುಡಿಸಲಿನ ಕೆಳಗೆ ಬಿಟ್ಟಿದ್ದ ಪೆಟ್ಟಿಗೆಗಳು. 2010ರಲ್ಲಿ ಮಂಜು ಅಗೆದು ತೆಗೆದರು. ಒಂದು ಪೆಟ್ಟಿಗೆಯನ್ನು ಕ್ರೈಸ್ಟ್‌ಚರ್ಚ್ ಮ್ಯೂಸಿಯಮ್ಮಿಗೆ ತಂದು ನಿಧಾನಕ್ಕೆ ಕರಗಿಸಿದರು, ಒಳಗೆ 11 ಬಾಟಲಿ. ಮೂರನ್ನು ಸ್ಕಾಟ್ಲೆಂಡಿಗೆ ಒಯ್ದು, ಸೂಜಿಯಲ್ಲಿ ಸ್ವಲ್ಪವೇ ಎಳೆದು ಪರೀಕ್ಷಿಸಿದರು. ಅದೇ ರುಚಿಯ ಹೊಸ ವಿಸ್ಕಿಯನ್ನೂ ಮಾಡಿದರು. ಹಳೇ ಬಾಟಲಿಗಳು ತಿರುಗಿ ಅಂಟಾರ್ಕ್ಟಿಕಾಕ್ಕೇ ಹೋದವು. 2017ರಲ್ಲಿ ಅಲ್ಲೇ ಕೇಪ್ ಅಡೇರ್‌ನಲ್ಲಿ ಇನ್ನೊಬ್ಬ ಅನ್ವೇಷಕ ಸ್ಕಾಟ್ ತಂಡದವರ ಹಣ್ಣಿನ ಕೇಕು ಸಿಕ್ಕಿತು. ಡಬ್ಬಿ ತುಕ್ಕು ಹಿಡಿದಿತ್ತು, ನೂರು ವರ್ಷ ದಾಟಿದ ಕೇಕು ಮಾತ್ರ ತಿನ್ನುವ ಹಾಗೇ ಕಾಣುತ್ತಿತ್ತಂತೆ.

ಸುಮ್ನೆ_ಓದೋನು:
ಹಾಗಾದರೆ ನೂರು ರೊಟ್ಟಿ ಒಯ್ಯಲಿ ಬಿಡಿ. ಉಳಿದರೆ ಮ್ಯೂಸಿಯಮ್ಮಿಗೆ.

ಎರಡು_ಚಳಿಗಾಲ:
ನಗಬೇಡಿ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ (ಡಿಎಫ್‌ಆರ್‌ಎಲ್) 1961ರಲ್ಲಿ ಶುರುವಾಗಿದ್ದೇ ಸೈನಿಕರ ಊಟ ಕೆಡದ ಹಾಗೆ ಮಾಡಲು. ಚೀಲದಲ್ಲಿ ಮುಚ್ಚಿ, ಒತ್ತಡದಲ್ಲಿ ಬೇಯಿಸಿದ ಪಲಾವ್, ಉಪ್ಪಿಟ್ಟು ಇದೆಯಲ್ಲ, ಆ ತರಹದ್ದು ಹೊರಗೆ ಫೀಲ್ಡ್ ಕೆಲಸಕ್ಕೆ ಹೋಗುವಾಗ ದೇವರು. ಆದರೆ ಅದನ್ನು ದಾರಿಯಲ್ಲಿ ತಿನ್ನಬೇಡ ತಮ್ಮಾ. ಹದಿನಾಲ್ಕು ತಿಂಗಳು ಅದರ ಜೊತೆ ಬಾಳಬೇಕು, ಮೊದಲೇ ಬೇಜಾರು ಮಾಡಿಕೊಳ್ಳಬಾರದು.

ಮಲಪ್ರಭಾ_ಹುಡುಗ:
ಕೇಪ್‌ಟೌನ್‌ನಿಂದ ಬರೆಯುತ್ತಿದ್ದೇನೆ. ಮೂರು ದಿನದಿಂದ ಇಲ್ಲೇ ಕೂತಿದ್ದೇವೆ. ಮೈತ್ರಿ ಹತ್ತಿರ ವಿಮಾನ ಇಳಿಯುವ ನೋವೋದ ಮಂಜುಗಡ್ಡೆ ರನ್‌ವೇ ಕಡೆ ಗಾಳಿ ಜೋರಂತೆ. ದಿನಾ ಸಂಜೆ 'ನಾಳೆ' ಅನ್ನುತ್ತಾರೆ.

ಮೊದಲಿಂದ ಹೇಳುತ್ತೇನೆ. ಹುಬ್ಬಳ್ಳಿಯಲ್ಲಿ ವಾಸ್ಕೋ ರೈಲು ಹತ್ತುವ ಮುಂಚೆ ಗಿರ್ಮಿಟ್, ಮಿರ್ಚಿ ತಿಂದೆ. ಅವ್ವನೂ ಅಪ್ಪನೂ ಸ್ಟೇಷನ್ನಿಗೆ ಬಂದಿದ್ದರು. ರೊಟ್ಟಿ ನೂರಲ್ಲ, ಅರವತ್ತಕ್ಕೆ ಇಳಿಯಿತು. ಅವ್ವ ರೊಟ್ಟಿಗಳನ್ನು ಹಳೇ ಬಿಸ್ಕತ್ ಡಬ್ಬಿಯಲ್ಲಿ ಜೋಡಿಸಿ, ನಡುನಡುವೆ ಕಾಗದ ಹಾಕಿ, ಮೇಲೆ ನನ್ನ ಹೊಸ ಟವೆಲ್ ತುರುಕಿದ್ದಳು. ದೂಧ್‌ಸಾಗರ ಕಂಡಾಗ ಡಬ್ಬಿ ಬಿಚ್ಚಿದೆ, ಎದುರು ಕೂತಿದ್ದ ಗೋವಾದ ಅಜ್ಜಿಗೆ ಎರಡು ಕೊಟ್ಟೆ. ಗೋವಾದಲ್ಲಿ ತಂಡದವರ ಪರಿಚಯವಾಯಿತು. ಒಬ್ಬರು ಕೇರಳ, ಇಬ್ಬರು ಉತ್ತರಾಖಂಡ, ಅಡುಗೆಯವರು ಬಂಗಾಳ. ಹೆಸರು ನೆನಪಿಡುವ ಮುಂಚೆ ಹತ್ತು ರೊಟ್ಟಿ ಹೋದವು.

ಬೋ-ಕಾಪ್‌ಗೆ ಹೋಗಿದ್ದೆ. ಡಾಲ್ಚಿ ತಿಂದೆ. ಸೋಡಾ ಸ್ವಲ್ಪ ಜಾಸ್ತಿ ಅನ್ನಿಸಿತು, ಆದರೆ ಬಿಸಿ ಬಿಸಿ ಇತ್ತು. ಇವತ್ತು ಭಾನುವಾರ, ಕೂಸಿಸ್ಟರ್ ಸಿಕ್ಕಿತು. ಅಡುಗೆಯವರು ಬಂಗಾಳದವರಲ್ಲವೇ, ಸಿಹಿ ಅಂದರೆ ಪ್ರಾಣ. ಪಾಕ ಎಷ್ಟು ಎಳೆ ಅಂತ ಅಂಗಡಿ ಹೆಂಗಸಿನ ಹತ್ತಿರ ಅರ್ಧ ಗಂಟೆ ಕೇಳಿದರು. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ, ಕೈಸನ್ನೆಯಲ್ಲೇ ಪಾಕ ಎಳೆದು ತೋರಿಸಿದರು. ಚಳಿಗಾಲದಲ್ಲಿ ನಮಗೆ ಮಾಡಿ ಹಾಕುತ್ತಾರಂತೆ.

ಒಂದು ತೊಂದರೆ. ವಿಮಾನ ಹೊರಡದೆ ಹೋಟೆಲಿನಲ್ಲಿ ದಿನಾ ಒಂದೇ ತಿಂಡಿ, ಕೈಯಲ್ಲಿರುವ ದುಡ್ಡು ಕರಗುತ್ತಿದೆ. ರಾತ್ರಿ ರೊಟ್ಟಿ, ಶೇಂಗಾ ಹಿಂಡಿ, ಅಂಗಡಿಯಿಂದ ತಂದ ಮೊಸರು, ಹಸಿ ಸೌತೆಕಾಯಿ. ಆರು ಜನ ಒಂದು ರೂಮಿನಲ್ಲಿ ನೆಲದ ಮೇಲೆ ಕೂತು ಉಣ್ಣುತ್ತೇವೆ. ಈಗ ಡಬ್ಬಿಯಲ್ಲಿ ಹನ್ನೊಂದು ರೊಟ್ಟಿ ಇದೆ.

ಅಪ್ಪೆಮಿಡಿ_ಸಿರ್ಸಿ:
ನೋಡಿದಿರಾ ಅಣ್ಣಾ, ಮೂವತ್ತು ಸಾಕಂತೆ!

ಎರಡು_ಚಳಿಗಾಲ:
ಸೋತೆ ಅಕ್ಕಾ. ತಮ್ಮಾ, ಉಳಿದಿದ್ದರಲ್ಲಿ ಎರಡು ಎತ್ತಿ ಇಡು. ಸ್ಟೇಷನ್ನಿನ ಫ್ರೀಜರಿನಲ್ಲಿ ಹೆಸರು ಬರೆದು ಇಡು. ಯಾಕೆ ಅಂತ ಬಂದ ಮೇಲೆ ನೀನೇ ಹೇಳು. ಮತ್ತೆ, ಹೊರಗೆ ನಿಂತು ಏನೂ ತಿನ್ನಬೇಡ. ಸ್ಕೂವಾ ಹಕ್ಕಿ ಕೈಯಿಂದಲೇ ಕಿತ್ತುಕೊಂಡು ಹೋಗುತ್ತದೆ. ಹಕ್ಕಿಗೆ ನಮ್ಮ ಊಟ ಸಿಗುವುದು ನಿಯಮಕ್ಕೂ ವಿರುದ್ಧ.

ಮಲಪ್ರಭಾ_ಹುಡುಗ:
ಹಳೇ ಚರ್ಚೆ ಎಬ್ಬಿಸುತ್ತಿದ್ದೇನೆ, ಬೈಯಬೇಡಿ. ಹದಿನೈದು ತಿಂಗಳಾದವು. ನಿನ್ನೆ ಊರಿಗೆ ಬಂದೆ.

ಬರುವಾಗ ಏನು ತಿನ್ನುವುದು ಅಂತ ಕೇಳಿದ್ದೆನಲ್ಲ. ಅಲ್ಲಿ ಚಳಿಗಾಲದಲ್ಲಿ ನಮಗೆಲ್ಲ ಅದೇ ಆಟ. ಕತ್ತಲೆ ಎರಡು ತಿಂಗಳು, ರಾತ್ರಿ ಜನರೇಟರ್ ಡ್ಯೂಟಿ ಮುಗಿಸಿ ಬಂದು ಕೂತರೆ ಒಬ್ಬೊಬ್ಬರು ಒಂದೊಂದು ಹೆಸರು. ಕೇರಳದವರು ಮೀನು, ಉತ್ತರಾಖಂಡದವರು ಅಮ್ಮನ ಕೈಯ ರಾಜ್ಮಾ. ನಾನು ಆಪೂಸು ಮಾವು ಅಂತಿದ್ದೆ. ಸುಳ್ಳು. ಆಮೇಲಾಮೇಲೆ ಗೊತ್ತಾಯಿತು, ನನಗೆ ಬೇಕಿದ್ದಿದ್ದು ಹಲ್ಲಿಗೆ ಸಿಕ್ಕಿ ಕರಕರ ಅನ್ನುವ ಹಸಿ ಸೊಪ್ಪು. ಹೊಲದ ಬದುವಿನಲ್ಲಿ ಸಿಗುವ ಹಕ್ಕರಕಿ, ಮೂಲಂಗಿ ಎಲೆ, ಒಂದು ಹಸಿ ಈರುಳ್ಳಿ. ಅಲ್ಲಿ ಬೇಯಿಸಿದ್ದು ಎಲ್ಲ ಚೆನ್ನಾಗಿಯೇ ಇತ್ತು, ಆದರೆ ಎಲ್ಲ ಮೆತ್ತಗೆ. ಫ್ರೀಜರಿನಿಂದ ಬಂದ ಬಟಾಣಿ, ಫ್ರೀಜರಿನಿಂದ ಬಂದ ಬೀನ್ಸ್. ಕೂಸಿಸ್ಟರ್ ಮಾತ್ರ ಅಡುಗೆ ಅಣ್ಣ ಮೂರು ಸಲ ಮಾಡಿದರು. ಮೂರನೇ ಸಲ ಸರಿ ಬಂತು.

ಬೇಸಿಗೆಯ ಮೊದಲ ವಿಮಾನದಲ್ಲಿ ಹೊಸಬರು ಬಂದರು. ಟೊಮೆಟೊ ಬಂತು, ಅದರ ಜೊತೆ ನೆಗಡಿಯೂ ಬಂತು. ತಿಂಗಳುಗಟ್ಟಲೆ ನಾವು ನಾವೇ ಇದ್ದೆವಲ್ಲ, ಒಬ್ಬರ ಸೀನಿಗೆ ಎಲ್ಲರೂ ಮಲಗಿದೆವು. ವರ್ಷದ ಮೊದಲ ಟೊಮೆಟೊ ಬಾಯಲ್ಲಿದೆ, ಮೂಗು ಕಟ್ಟಿದೆ, ರುಚಿಯೇ ಇಲ್ಲ!

ಕೇಪ್‌ಟೌನ್‌ಗೆ ಇಳಿದಾಗ ಜನವರಿ ಬಿಸಿಲು. ಉಳಿದವರು ಹೋಟೆಲಿನ ದೊಡ್ಡ ಊಟಕ್ಕೆ ಕೂತರು. ನಾನು ತರಕಾರಿ ಅಂಗಡಿಗೆ ಹೋದೆ. ಹಕ್ಕರಕಿ ಎಲ್ಲಿಂದ ಬರಬೇಕು? ರಾಕೆಟ್ ಅಂತ ಒಂದು ಸೊಪ್ಪು ಸಿಕ್ಕಿತು. ಸ್ವಲ್ಪ ಕಹಿ, ಸ್ವಲ್ಪ ಖಾರ. ಹಕ್ಕರಕಿಯ ದೂರದ ತಮ್ಮ ಇದ್ದ ಹಾಗೆ. ಒಂದು ಈರುಳ್ಳಿ, ಒಂದು ಡಬ್ಬಿ ಮೊಸರು ತಂದೆ. ರೂಮಿಗೆ ಬಂದು ಡಬ್ಬಿ ತೆಗೆದೆ. ಎರಡು ರೊಟ್ಟಿ. ಒಂದು ಮುರಿದಿತ್ತು. ಫ್ರೀಜರಿನ ವಾಸನೆ ಸ್ವಲ್ಪ ಹಿಡಿದಿತ್ತು. ಒಂದು ತಿಂದೆ, ಇನ್ನೊಂದು ತಿನ್ನಲು ಮನಸ್ಸಾಗಲಿಲ್ಲ.

ಆ ರೊಟ್ಟಿ ಊರಿಗೆ ತಂದೆ. ಅವ್ವ ನೋಡಿ, 'ಅಯ್ಯ, ಇದನ್ನ ತಿಂದಿಲ್ಲೇನು, ಉಪವಾಸ ಇದ್ದಿಯೇನು' ಅಂತ ಬೈದಳು. ಎಮ್ಮೆಗೆ ಹಾಕಿಬಿಟ್ಟಳು.

ಗುಳಿಗೆ_ಡಾಕ್ಟರ್:
ಹದಿನಾಲ್ಕು ತಿಂಗಳ ರೊಟ್ಟಿ ತಿಂದೆ ಅಂತ ವೈದ್ಯರ ಎದುರು ಹೇಳುತ್ತೀಯಲ್ಲಪ್ಪ. ಹೊಟ್ಟೆ ಹೇಗಿದೆ?

ಮಲಪ್ರಭಾ_ಹುಡುಗ:
ರೊಟ್ಟಿಗೆ ಏನೂ ಆಗಲಿಲ್ಲ ಸರ್. ಮರುದಿನ ತಿಂದ ಅರ್ಧ ಕಲ್ಲಂಗಡಿ ಕೈಕೊಟ್ಟಿತು.

ಎರಡು_ಚಳಿಗಾಲ:
ನನ್ನದು ಹೋಳಿಗೆ ಇತ್ತು. ಅದನ್ನೂ ಪೂರ್ತಿ ತಿನ್ನಲಿಲ್ಲ.

ಹೊಸಬ_ಹಾಸನ:
ನಮಸ್ಕಾರ ಅಣ್ಣಂದಿರಾ. ಮುಂದಿನ ಸಲ ಭಾರತಿಗೆ ವೆಲ್ಡರ್ ಆಗಿ ಹೊರಟಿದ್ದೇನೆ. ನಮ್ಮ ಕಡೆ ಕಡಕ್ ರೊಟ್ಟಿ ಮಾಡಲ್ಲ. ಅಮ್ಮ ಅಕ್ಕಿ ರೊಟ್ಟಿ ಮಾಡುತ್ತಾರೆ, ಅದು ಮಾರನೇ ದಿನಕ್ಕೇ ಚರ್ಮದ ಹಾಗೆ. ಏನು ಒಯ್ಯಲಿ?

ಮಲಪ್ರಭಾ_ಹುಡುಗ:
ಹುಬ್ಬಳ್ಳಿ ಮೇಲೆ ರೈಲಿನಲ್ಲಿ ಬರ್ತೀರಾ? ದಿನ ಹೇಳಿ. ಅವ್ವನಿಗೆ ಈಗಲೇ ಹೇಳಿದೆ. ಅರವತ್ತಾ ನೂರಾ ಅಂತ ಕೇಳುತ್ತಿದ್ದಾಳೆ.